ಹಿನ್ನೀರಿನ ಬಗ್ಗೆ ಬರೆದ ಒಂದು ಸಾಲು

ಪ್ರವಾಸಿ ಕೈಪಿಡಿ ಬರೆಯುವವರು ಮೊದಲು ಕಲಿಯಬೇಕಾದದ್ದು ಶೌಚಾಲಯ ಹುಡುಕುವುದನ್ನು. ಗುಡಿ, ಗುಮ್ಮಟ, ಜಲಪಾತಗಳನ್ನು ಯಾರಾದರೂ ಕೈಹಿಡಿದು ತೋರಿಸುತ್ತಾರೆ. ಹೆಣ್ಣುಮಕ್ಕಳು ಹೋಗಬಹುದಾದ ಶೌಚಾಲಯ ಎಲ್ಲಿದೆ, ಸಂಜೆಯ ಬಸ್ಸು ನಿಜವಾಗಿಯೂ ಬರುತ್ತದೆಯೇ, ಖಾನಾವಳಿ ಅಮಾವಾಸ್ಯೆಗೆ ಬಾಗಿಲು ಹಾಕುತ್ತದೆಯೇ, ಇವನ್ನು ಮಾತ್ರ ನಾವೇ ಕಾಲು ಸವೆಸಿ ತಿಳಿದುಕೊಳ್ಳಬೇಕು. ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಗೋಕಾಕಿನ ನನ್ನ ಮನೆಗೆ ಬಂದು, "ಮೇಡಂ, ಎಷ್ಟು ಚೆಂದದ ಕೆಲಸ, ಬರೀ ಸುತ್ತಾಟ" ಎಂದಾಗ ನನಗೆ ನೆನಪಾಗುವುದು ಜಲಪಾತವಲ್ಲ, ಹುಕ್ಕೇರಿ ಬಸ್ ನಿಲ್ದಾಣದ ಕಲ್ಲುಬೆಂಚು. ನನ್ನ ವೃತ್ತಿಜೀವನದ ದೊಡ್ಡ ಪಾಲು ಅದರ ಮೇಲೆ ಕಳೆದಿದೆ.

ನಾನು ಧಾರವಾಡದಲ್ಲಿ ಇತಿಹಾಸ ಓದಿದವಳು. ಓದು ಮುಗಿದ ಮೇಲೆ ಕನ್ನಡದಲ್ಲಿ ಪ್ರವಾಸಿ ಕೈಪಿಡಿಗಳನ್ನು ತರುತ್ತಿದ್ದ ಒಂದು ಪ್ರಕಾಶನ ಸಂಸ್ಥೆ ಸೇರಿದೆ. ಗೋಕಾಕ, ಹುಕ್ಕೇರಿ, ಆಮೇಲೆ ತಾಲ್ಲೂಕಾದ ಮೂಡಲಗಿ ನನ್ನ ಪಾಲಿಗೆ ಬಂದವು. ದಿನಚರಿ ಬರೆಯುವ ಚಟ ಆಗಲೂ ಇತ್ತು, ಈಗಲೂ ಇದೆ. ಆದರೆ ದಿನಚರಿಯನ್ನು ಬಿಚ್ಚಿದಾಗಲೆಲ್ಲ ನನಗೆ ಗಾಬರಿಯಾಗುತ್ತದೆ. ಜೋರು ಮಳೆಯಲ್ಲಿ ನಡೆಯಿತೆಂದು ನಾನು ಹತ್ತು ಜನರಿಗೆ ಹೇಳಿದ ಸಂಗತಿ ಅಲ್ಲಿ ಉರಿಬಿಸಿಲಿನ ದಿನದಲ್ಲಿರುತ್ತದೆ. ಆದ್ದರಿಂದ ಮುಂದೆ ಬರೆಯುವುದರಲ್ಲಿ ನನಗೆ ಖಚಿತವಿಲ್ಲದ ಕಡೆ ಹಾಗೆಂದೇ ಹೇಳುತ್ತೇನೆ.

ಮೊದಲ ಪೆಟ್ಟು ಬಿದ್ದದ್ದು ಗೋಕಾಕ ಫಾಲ್ಸಿನಿಂದ. ಶ್ರಾವಣದಲ್ಲಿ ಹೋಗಿ, ತುಂತುರಿನಲ್ಲಿ ತೊಯ್ದು, ಕಿವಿಗಡಚಿಕ್ಕುವ ಆ ಸದ್ದಿಗೆ ಮನಸೋತು ಎರಡು ಪುಟ ಬರೆದಿದ್ದೆ. ಯಾವ ತಿಂಗಳಲ್ಲಿ ನೋಡಿದೆನೆಂದು ಬರೆದಿರಲಿಲ್ಲ. ಮುಂದಿನ ಬೇಸಿಗೆಯಲ್ಲಿ ಒಬ್ಬ ಗೃಹಸ್ಥರು ಹೊಸ ಬೀಗರನ್ನೆಲ್ಲ ಟೆಂಪೊದಲ್ಲಿ ತುಂಬಿಕೊಂಡು ಹೋಗಿ ಒಣಬಂಡೆ ನೋಡಿ ಬಂದಿದ್ದರು. ಕಚೇರಿಗೆ ಬಂದು ನನ್ನ ಮೇಜಿನ ಮೇಲೆ ಪುಸ್ತಕ ಇಟ್ಟರು.

"ಇದನ್ನ ಬರದಾವ್ರು ನೀವೇನ್ರಿ?"

"ಹೌದ್ರಿ."

"ನೀರು ಎಲ್ಲಿ ಇಟ್ಟೀರಿ ಅಕ್ಕಾರ? ಮನಿಗೆ ಒಯ್ದೀರೇನು? ನಮ್ಮ ಬೀಗರು ಇನ್ನೂ ನಗಾಕತ್ತಾರ. 'ಧಬಧಬೆ ತೋರಸ್ತೇನಂತ ಕರ್ಕೊಂಡು ಹೋಗಿ ಕಟಗ ರೊಟ್ಟಿ ತಿನಿಸಿ ಕರ್ಕೊಂಡು ಬಂದ' ಅಂತಾರ."

ಅವರನ್ನು ಚಹಾ ಕುಡಿಸಿ ಕಳಿಸಿದೆವು. ಅವರು ಹೋದ ಮೇಲೆ ನಮ್ಮ ಸಂಪಾದಕರಾದ ಇನಾಂದಾರ ಸರ್ ಒಂದು ನಿಯಮ ಮಾಡಿದರು: ಯಾವ ಜಾಗದ ಬಗ್ಗೆ ಬರೆದರೂ ನೋಡಿದ ತಿಂಗಳನ್ನು ಬರೆಯಬೇಕು, ನೋಡದಿದ್ದರೆ ಬರೆಯಬಾರದು. ಅವರು ಗದರುವವರಲ್ಲ. "ಓದುವವ ರಜಾ ಹಾಕಿ, ಹೆಂಡ್ರು ಮಕ್ಕಳನ್ನ ಕಟಗೊಂಡು ಬರ್ತಾನವ್ವಾ. ಅವನಿಗೆ ಮತ್ತೊಂದು ಆಯಿತವಾರ ಕೊಡಾಕ ನಮಗ ಆಗೂದಿಲ್ಲ" ಎಂದರು. ಆ ಮಾತು ನನ್ನಲ್ಲಿ ಉಳಿಯಿತು.

ಇನ್ನೊಂದು ನಿಯಮ ತಿಂಡಿಯದು. ಗೋಕಾಕಿನ ಕರದಂಟಿನ ಅಂಗಡಿಯವರು ಡಬ್ಬಿ ಕಟ್ಟಿ ಕೈಗಿಡುತ್ತಿದ್ದರು. ಬೇಡವೆಂದರೆ ಬೇಸರ, ತೆಗೆದುಕೊಂಡರೆ ಬರೆಯುವಂತಿಲ್ಲ. ಒಮ್ಮೆ ಒಬ್ಬ ಅಜ್ಜ ಬಸ್ಸಿನ ಕಿಟಕಿಯಿಂದ ಡಬ್ಬಿ ಒಳಗೆ ಹಾಕಿಯೇ ಬಿಟ್ಟರು, ಬಸ್ಸು ಹೊರಟಿತು. ಆ ಊರಿನ ಅತ್ಯುತ್ತಮ ಕರದಂಟು ಅವರದೇ. ಅದು ನಮ್ಮ ಪುಸ್ತಕದಲ್ಲಿ ಯಾವತ್ತೂ ಬರಲಿಲ್ಲ. ಇದು ಪ್ರಾಮಾಣಿಕತೆಯೋ, ಓದುಗನಿಗೆ ಒಳ್ಳೆಯದನ್ನು ಮುಚ್ಚಿಟ್ಟ ಹಟವೋ, ನನಗೆ ಇಂದಿಗೂ ಬಗೆಹರಿದಿಲ್ಲ.

ಮೂಡಲಗಿಯವರ ಸಿಟ್ಟು ಬೇರೆ ಬಗೆಯದು. ತಾಲ್ಲೂಕಾದ ಹೊಸದರಲ್ಲಿ ಅಲ್ಲಿಯ ಚಹಾದಂಗಡಿಯಲ್ಲಿ ಒಬ್ಬರು ನನ್ನ ಪುಸ್ತಕ ತಿರುವಿ ಹಾಕಿ, "ಗೋಕಾಕಕ್ಕ ಹನ್ನೆರಡು ಪುಟ, ನಮಗ ಅರ್ಧಾ ಪುಟ. ನಮ್ಮೂರಾಗ ಮಂದಿ ಇಲ್ಲೇನ್ರಿ? ನಾವೇನು ಬಸ್ ಬದಲ್ ಮಾಡೂ ಜಾಗಾನ?" ಎಂದರು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ನಗುವ ಮಾತಲ್ಲ ಅದು ಎಂದು ಆಮೇಲೆ ತಿಳಿಯಿತು. ಒಂದು ಊರಿನಲ್ಲಿ ಏನಿದೆ, ಏನಿಲ್ಲ ಎಂದು ಪರವೂರಿನವರು ಅಚ್ಚು ಹಾಕಿಸುವುದೇ ಈ ಕಸುಬಿನ ಮೂಲ. ಅದರ ಭಾರ ನನಗೆ ಗೊತ್ತಾದದ್ದು ಹಿಡಕಲ್ ಹಿನ್ನೀರಿನಲ್ಲಿ.

ಅದು ಶುರುವಾದದ್ದು ಮೂಡಲಗಿ ತಾಲ್ಲೂಕಾಗುವುದಕ್ಕಿಂತ ಬಹಳ ಹಿಂದೆ, ಅಣೆಕಟ್ಟಿನ ಪುಟಗಳನ್ನು ಹೊಸದಾಗಿ ಬರೆಯಬೇಕಿದ್ದ ಒಂದು ವರ್ಷ. ಬೇಸಿಗೆಯ ಕೊನೆ, ನೀರು ತಳ ಸೇರಿತ್ತು. ಬೆಲ್ಲದ ಬಾಗೇವಾಡಿಯಿಂದ ಟೆಂಪೊ ಹಿಡಿದು, ರಸ್ತೆ ಮುಗಿದಲ್ಲಿ ಇಳಿದು ನಡೆಯುತ್ತಿದ್ದೆ. ಒಣಗಿ ಬಿರಿದ ನೆಲದ ಮೇಲೆ ಕೆಲವು ಹೆಂಗಸರು ಬುಟ್ಟಿ ಹೊತ್ತು ಹೋಗುತ್ತಿದ್ದರು. ಹಿಂದೆಯೇ ಹೋದೆ. ಗೋಡೆಗಳ ಬುಡ, ಒಂದು ಬಾವಿಯ ಕಟ್ಟೆ, ಹೊಸ್ತಿಲುಗಳು ಕಂಡವು. ಅಣೆಕಟ್ಟು ಕಟ್ಟಿದಾಗ ಮುಳುಗಿದ ಊರು ಅದು. ಅದರ ಹೆಸರು ಬರೆಯಬೇಕೋ ಬೇಡವೋ ಎಂದು ನಾನಿನ್ನೂ ನಿರ್ಧರಿಸಿಲ್ಲ, ಅದಕ್ಕೇ ಬರೆದಿಲ್ಲ.

ಊರಿನ ಅಂಚಿನ ದಿಬ್ಬದ ಮೇಲೆ ಸಾಲಾಗಿ ಕಲ್ಲುಗಳಿದ್ದವು. ಒಬ್ಬ ಹೆಂಗಸು ಒಂದು ಕಲ್ಲಿಗೆ ನೀರು ಹಾಕಿ, ಅಂಟಿದ ಕೆಸರನ್ನು ತೆಂಗಿನ ನಾರಿನಿಂದ ತಿಕ್ಕುತ್ತಿದ್ದಳು. ನನಗಿಂತ ನಾಲ್ಕಾರು ವರ್ಷ ದೊಡ್ಡವಳಿರಬೇಕು. ಹೆಸರು ನೀಲವ್ವ.

"ಯಾರ್ರಿ ನೀವು? ನೀರಾವರಿ ಆಫೀಸಿನವರೇನ್ರಿ?"

"ಅಲ್ರಿ. ಪುಸ್ತಕ ಬರಿತೇನಿ. ಮಂದಿ ನೋಡಾಕ ಹೋಗೂ ಜಾಗದ್ದು."

"ಹಂಗಾರ ದಾರಿ ತಪ್ಪಿ ಬಂದೀರಿ ಬಿಡ್ರಿ. ಡ್ಯಾಮ್ ಆ ಕಡಿ ಐತಿ" ಎಂದು ನಕ್ಕಳು. ಆಮೇಲೆ ಕಲ್ಲನ್ನು ತೋರಿಸಿ, ನೆರೆಮನೆಯವರ ಪರಿಚಯ ಮಾಡಿಸುವಂತೆ, "ನಮ್ಮವ್ವ" ಎಂದಳು.

ಅವರದು ಬಸವಣ್ಣನ ದಾರಿಯಲ್ಲಿ ನಡೆಯುವ ಒಕ್ಕಲುತನದ ಮನೆ. ಅವರಲ್ಲಿ ಸತ್ತವರನ್ನು ಸುಡುವುದಿಲ್ಲ. ಇಷ್ಟಲಿಂಗವನ್ನು ಕೈಯಲ್ಲಿಟ್ಟು, ಪೂಜೆಗೆ ಕೂತಂತೆ ಕೂರಿಸಿ, ವಿಭೂತಿ ಹಾಕಿ ಮಣ್ಣು ಮಾಡುತ್ತಾರೆ. ಹಾಗಾಗಿ ನೀಲವ್ವ ತಾಯಿಯ ಬಗ್ಗೆ 'ಇದ್ದಳು' ಎನ್ನುತ್ತಿರಲಿಲ್ಲ.

"ಇಲ್ಲೇ ಕುಂತಾಳ ನೋಡ್ರಿ. ನಾ ಸಣ್ಣಾಕಿದ್ದಾಗ ಹ್ವಾದಳು. ಮುಂದ ನೀರು ಬಂತು, ನಾವು ಮ್ಯಾಲೆ ಹ್ವಾದಿವಿ. ಅಕಿ ಎಲ್ಲಿ ಬರ್ತಾಳ? ಮಳಿಗಾಲದಾಗ ನೀರಾಗ, ಬ್ಯಾಸಗ್ಯಾಗ ಬಿಸಲಾಗ. ಬದುಕಿದ್ದಾಗ ಈಜಾಕ ಸುದ್ದಾ ಬರ್ತಿದ್ದಿಲ್ಲ ಅಕಿಗೆ."

ಜೊತೆಗಿದ್ದ ಹೆಂಗಸರು, "ಈಗ ಕಲ್ತಿರ್ತಾಳ ಬಿಡ" ಎಂದರು. ಎಲ್ಲರೂ ನಕ್ಕರು. ನೀಲವ್ವ ನಗುತ್ತಲೇ ಕಲ್ಲಿಗೆ ವಿಭೂತಿ ಬಳಿದಳು, ಬಿಲ್ವಪತ್ರಿ ಇಟ್ಟಳು, ಹೋಳಿಗೆ ಎಡೆ ಮಾಡಿದಳು. ನೀರು ಇಳಿದಾಗ ಒಂದು ಸೋಮವಾರ ಹೀಗೆ ಬರುವುದು ಮುಳುಗಿದ ಊರಿನವರ ಪದ್ಧತಿ. ನೀರು ಇಳಿಯದ ವರ್ಷ ದಂಡೆಯ ಮೇಲೆ ನಿಂತು ಎಡೆಯನ್ನು ನೀರಿಗೆ ಬಿಡುತ್ತಾರಂತೆ. ನನಗೂ ಎಲೆಯಲ್ಲಿ ಒಂದು ಹೋಳಿಗೆ ಬಂತು. ತಿನ್ನುತ್ತ ನಾನು ಮನಸ್ಸಿನಲ್ಲೇ ಪುಟ ಕಟ್ಟುತ್ತಿದ್ದೆ. ಇಂಥದ್ದು ಯಾವ ಕೈಪಿಡಿಯಲ್ಲೂ ಬಂದಿಲ್ಲ ಎಂಬ ಹಿಗ್ಗು ಇತ್ತು.

ನೀಲವ್ವನಿಗೆ ಅದು ಮುಖದಲ್ಲೇ ಕಂಡಿರಬೇಕು.

"ಅಕ್ಕಾರ, ಇದನ್ನ ಬರಿತೀರೇನ್ರಿ?"

"ಬರಿಲೇನ್ರಿ?"

"ಬ್ಯಾಡ್ರಿ. ಬರದ್ರ ಮಂದಿ ಬರ್ತಾರ. ಕಲ್ಲಿನ ಮ್ಯಾಲೆ ಕುಂತು ಚುರುಮುರಿ ತಿಂತಾರ, ಫೋಟೋ ಹೊಡಸ್ಕೋತಾರ. ನಮ್ಮವ್ವ ಪರಮಂದಿ ಬಂದ್ರ ತಲಿಮ್ಯಾಲಿನ ಸೆರಗು ಎಳಕೊಂಡು ಒಳಗ ಹೋಗಾಕಿ. ಈಗ ಎಲ್ಲಿ ಹೋಗ್ಬೇಕು ಅಕಿ?"

ಬರೆಯುವುದಿಲ್ಲ ಎಂದು ಮಾತು ಕೊಟ್ಟೆ.

ಕಚೇರಿಯಲ್ಲಿ ಇನಾಂದಾರ ಸರ್ ಮುಂದೆ ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮಾತು ಕೊಟ್ಟಿ ಅಂದ ಮ್ಯಾಲೆ ಮುಗೀತು. ಆದ್ರ ನಕಾಶೆದಾಗ ರಸ್ತಾ ಕಾಣ್ತೈತಿ. ಮುಂದ ಏನೈತಿ ಅಂತ ನಾಲ್ಕು ಮಂದಿ ಹೋಗೇ ಹೋಗ್ತಾರ. ತಡೀಬೇಕಲ್ಲ?" ಎಂದರು. ಹೀಗೆ ಒಂದು ಸಾಲು ಹುಟ್ಟಿತು: 'ರಸ್ತೆ ಮುಗಿದ ನಂತರ ಬರೀ ಬೀಳುಭೂಮಿ, ನೋಡುವಂಥದ್ದು ಏನೂ ಇಲ್ಲ.' ಅದು ಸರ್ ಹೇಳಿ ಬರೆಸಿದ್ದೆಂದು ನನ್ನ ನೆನಪು. ದಿನಚರಿಯಲ್ಲಿ 'ನಾನೇ ಒಂದು ಉಪಾಯ ಮಾಡಿದೆ, ಸರ್ ಒಪ್ಪಿದರು' ಎಂದಿದೆ. ಸರ್ ಈಗ ಇಲ್ಲ. ಅವರ ಮೇಲೆ ಹಾಕುವುದು ನನ್ನ ನೆನಪಿಗೆ ಅನುಕೂಲವಾಗಿರುವುದರಿಂದಲೇ ನಾನು ದಿನಚರಿಯನ್ನು ನಂಬುತ್ತೇನೆ.

ಆ ಸಾಲಿನ ಬಗ್ಗೆ ನನಗೆ ಹೆಮ್ಮೆಯಿತ್ತು. ಮರೆಮಾಚಿರಲಿಲ್ಲ, ಹೊಸಬರಿಗೆ ಪಾಠ ಹೇಳುವಾಗ ಊರಿನ ಹೆಸರು ಬಿಟ್ಟು ಇದನ್ನೇ ಉದಾಹರಣೆ ಕೊಡುತ್ತಿದ್ದೆ. "ಎಲ್ಲವನ್ನೂ ಮಾರಬಾರದು, ಕೆಲವು ಜಾಗಗಳಿಗೆ ಬೇಲಿಯಾಗಿ ನಿಲ್ಲಬೇಕು" ಎನ್ನುತ್ತಿದ್ದೆ. ಅವರು ಬರೆದುಕೊಳ್ಳುತ್ತಿದ್ದರು.

ಆವೃತ್ತಿಗಳು ಬಂದವು, ಹೋದವು. ನಮ್ಮ ಕೆಲಸದ ರೀತಿಯೇ ಬದಲಾಯಿತು. ಮೊದಲು ಬಸ್ಸಿನಲ್ಲಿ ಹೋಗಿ ನೋಡುತ್ತಿದ್ದೆವು; ಆಮೇಲೆ ಫೋನು ಮಾಡಿ ಕೇಳುತ್ತಿದ್ದೆವು; ಕೊನೆಕೊನೆಗೆ ಕುರ್ಚಿಯಲ್ಲಿ ಕೂತು, ಯಾರೋ ಬರೆದದ್ದನ್ನು ನೋಡಿ, ಇನ್ನೊಂದು ರೀತಿ ಬರೆಯುವುದೇ ಕೆಲಸವಾಯಿತು. ನಿವೃತ್ತಿಯ ಹೊತ್ತಿಗೆ ಫೋನಿನಲ್ಲಿ ಹಿಡಕಲ್ ಬಗ್ಗೆ ಹುಡುಕಿದರೆ ನನ್ನ ಸಾಲು ಬೇರೆ ಬೇರೆಯವರ ಹೆಸರಿನಲ್ಲಿ ಸಿಗುತ್ತಿತ್ತು. ಒಬ್ಬರು 'ನಾನೇ ಹೋಗಿ ನೋಡಿದೆ' ಎಂದೂ ಸೇರಿಸಿದ್ದರು. ಓದಿ ನಕ್ಕಿದ್ದೆ. ಬೇಲಿ ಗಟ್ಟಿಯಾಗಿದೆ ಎಂದುಕೊಂಡಿದ್ದೆ.

ನಿವೃತ್ತಳಾದ ಮೇಲೆ ಒಂದು ದಿನ ಮಧ್ಯಾಹ್ನ ನೀಲವ್ವ ಬಾಗಿಲಲ್ಲಿ ನಿಂತಿದ್ದಳು. ನಡುವೆ ನಾಲ್ಕಾರು ಸಲ ಸೋಮವಾರದ ಎಡೆಗೆ ನಾನು ಹೋಗಿದ್ದರಿಂದ ಗುರುತು ಉಳಿದಿತ್ತು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನೀರು ಕೊಟ್ಟರೆ ಕುಡಿಯಲಿಲ್ಲ.

"ಅಕ್ಕಾರ, ಹಿನ್ನೀರಿನ ದಂಡಿಗೆ ಬೋಟ್ ತರಾಕತ್ತಾರಂತ್ರಿ. ಬ್ಯಾಸಗ್ಯಾಗ ಗಾಡಿ ನಿಂದ್ರಸಾಕ ದಿಬ್ಬಾ ಸಪಾಟ ಮಾಡ್ತಾರಂತ. ಊರ ಮಂದೀನ ಕೂಡಿಸಿದ್ರು. ನಾ ಎದ್ದು ನಿಂತು, ಅಲ್ಲೆ ನಮ್ಮ ಹಿರ್ಯಾರು ಅದಾರ ಅಂದ್ನಿ. ಆ ಬೋಟಿನ ಗುತ್ತೇದಾರ ಪುಸ್ತಕಾ ತಗದು ಓದಿದನ್ರಿ. 'ಬರೀ ಬೀಳುಭೂಮಿ, ನೋಡುವಂಥಾದ್ದು ಏನೂ ಇಲ್ಲ' ಅಂತ. 'ತಿಳದವರು ಬಂದು ನೋಡಿ ಬರದಾರ ಬೇ, ನೀ ಒಬ್ಬಾಕಿ ಐತಿ ಅಂತಿ' ಅಂದ." ಸ್ವಲ್ಪ ತಡೆದು ಕೇಳಿದಳು: "ಅದು ನಿಮ್ಮ ಪುಸ್ತಕ ಅಲ್ಲಲ್ರಿ?"

"ನಂದೇರಿ."

ಅವಳು ನನ್ನನ್ನೇ ನೋಡುತ್ತಿದ್ದಳು.

"ನೀವ ಬರೀಬ್ಯಾಡ್ರಿ ಅಂದಿದ್ರಲ್ರಿ ನೀಲವ್ವಾರ."

"ಬರೀಬ್ಯಾಡ್ರಿ ಅಂದಿದ್ನಿ. ಇಲ್ಲಾ ಅಂತ ಬರೀರಿ ಅಂದಿದ್ನೇನ್ರಿ?"

ಇಷ್ಟು ವರ್ಷ ನಾನು ಪಾಠ ಹೇಳಿದ್ದು ಒಂದು ಮಾತಿಗೆ ಬಿದ್ದುಹೋಯಿತು. ಅವಳು ಕೇಳಿದ್ದು ಬಾಯಿ ಮುಚ್ಚಿಕೊಂಡಿರಲು. ನಾನು ಬಾಯಿ ತೆರೆದು ಅವಳ ತಾಯಿ ಇಲ್ಲವೆಂದಿದ್ದೆ. ಅವಳ ಪರವಾಗಿ ಹೇಳಿದ ಸುಳ್ಳನ್ನು ಅವಳಿಗೆ ಒಂದು ಮಾತು ಹೇಳದೆಯೇ ಅಚ್ಚು ಹಾಕಿಸಿದ್ದೆ. ಬೇಲಿ ಎಂದುಕೊಂಡದ್ದನ್ನು ಬೇರೆಯವರು ಕಿತ್ತು ಅವಳಿಗೇ ಹೊಡೆದಿದ್ದರು.

ಮರುವಾರ ಇನ್ನೊಂದು ಸಭೆಗೆ ಅವಳ ಜೊತೆ ಹೋದೆ. ಗುತ್ತೇದಾರರು ಸಣ್ಣ ವಯಸ್ಸಿನವರು, ಮರ್ಯಾದೆಯ ಮನುಷ್ಯ. ನನಗೆ ಕುರ್ಚಿ ಹಾಕಿಸಿದರು. ನಾನು ನಡೆದದ್ದನ್ನೆಲ್ಲ ಹೇಳಿದೆ: ಅಲ್ಲಿ ಸಮಾಧಿಗಳಿವೆ, ಕಣ್ಣಾರೆ ಕಂಡಿದ್ದೇನೆ, ಜನ ಬರಬಾರದೆಂದು ಇಲ್ಲವೆಂದು ಬರೆದೆ.

"ಮೇಡಂ, ಸಿಟ್ಟಾಗಬ್ಯಾಡ್ರಿ" ಎಂದರು ಅವರು. "ಆಗ ಬರದದ್ದು ಖರೇನೋ, ಈಗ ಹೇಳೂದು ಖರೇನೋ? ಮೊದಲ ಇವರ ಸಲುವಾಗಿ ಸುಳ್ಳು ಬರದ್ರಿ ಅಂತೀರಿ. ಈಗನೂ ಇವರ ಸಲುವಾಗೇ ಬಂದೀರಿ. ನಾ ಯಾವುದನ್ನ ನಂಬ್ಲಿ?"

ಸಭೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. ಕಲ್ಲುಗಳನ್ನು ತೋರಿಸೋಣವೆಂದರೆ ಆಗ ದಿಬ್ಬ ನೀರಿನಲ್ಲಿತ್ತು. ಉಳಿದ ಮನೆತನದವರನ್ನು ನೋಡಿದೆ. ಎಡೆಗೆ ಬರುತ್ತಿದ್ದ ಹೆಂಗಸರಲ್ಲಿ ಕೆಲವರು ತೀರಿಕೊಂಡಿದ್ದರು, ಇದ್ದವರ ಮಕ್ಕಳಿಗೆ ಬೋಟಿನಲ್ಲಿ ಕೆಲಸ ಸಿಗುವುದಿತ್ತು. ಅವರು ನೆಲ ನೋಡಿದರು. ಅವರನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. ಬದುಕಿದವರಿಗೂ ಹೊಟ್ಟೆಯಿದೆ.

ಪತ್ರಿಕೆಗೆ ಬರೆದೆ, ಮುಂದಿನ ಆವೃತ್ತಿಯಲ್ಲಿ ಆ ಸಾಲು ತೆಗೆಯಿರಿ ಎಂದು ಹಳೆಯ ಕಚೇರಿಗೆ ಹೋಗಿ ಹೇಳಿದೆ. ತೆಗೆದರು. ಉಳಿದೆಡೆಗಳಿಂದ ಅದನ್ನು ತೆಗೆಯಲು ಯಾರಿಗೂ ಸಾಧ್ಯವಿರಲಿಲ್ಲ. ನೀರು ಇಳಿಯುತ್ತಿದ್ದಂತೆ ದಿಬ್ಬದ ಮೇಲೆ ಗರಸು ಮಣ್ಣು ಸುರಿದು ರೋಲರ್ ಓಡಿಸಿದರು. ಅಂದು ನಾನು ಊರಲ್ಲಿದ್ದೂ ಹೋಗಲಿಲ್ಲ. ಹೋಗುವ ಮುಖವಿರಲಿಲ್ಲ ಎಂಬುದೇ ಸರಿಯಾದ ಮಾತು.

ಹೋದದ್ದು ಈ ಬೇಸಿಗೆಯಲ್ಲಿ. "ಸ್ವಾಮವಾರ ಬರ್ತೀರೇನ್ರಿ? ಈ ಸಲ ನಾ ಒಬ್ಬಾಕೇ" ಎಂದು ನೀಲವ್ವ ಫೋನು ಮಾಡಿಸಿದ್ದಳು. ನನ್ನ ಮೇಲೆ ಅವಳಿಗೆ ಸಿಟ್ಟು ಉಳಿದಿತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ. ಬುಟ್ಟಿಯ ಒಂದು ಬದಿ ಹಿಡಿಯಲು ಕೊಟ್ಟಳು, ಹಿಡಿದೆ. ದಿಬ್ಬ ಈಗ ಆಟದ ಮೈದಾನದಂತಿದೆ. ಕಾರುಗಳು ಸಾಲಾಗಿ ನಿಂತಿದ್ದವು. ಆಚೆ ನೀರಿನಲ್ಲಿ ಬಣ್ಣದ ಬೋಟುಗಳು, ಹಾಡು. ನೀಲವ್ವ ದಂಡೆಯ ಹುಣಸೆ ಮರವನ್ನೂ ಬಾವಿಯಿದ್ದ ಕಡೆಯನ್ನೂ ತಿರುತಿರುಗಿ ನೋಡುತ್ತ ಹೆಜ್ಜೆ ಹಾಕಿ, ಒಂದು ಬಿಳಿ ಕಾರಿನ ಹತ್ತಿರ ನಿಂತಳು. ಅದರ ಕೆಳಗೆ ಬಗ್ಗಿ ನೋಡಿದಳು.

"ಇಲ್ಲೇ" ಎಂದಳು.

ಬುಟ್ಟಿ ಇಳಿಸಿ, ಕಾರಿನ ನೆರಳಲ್ಲಿ ಕೂತು ಕಾದೆವು. ಬಿಲ್ವಪತ್ರಿ ಬಾಡುತ್ತಿತ್ತು, ಅವಳು ಅದರ ಮೇಲೆ ಆಗಾಗ ನೀರು ಚಿಮುಕಿಸುತ್ತಿದ್ದಳು. ಬೋಟಿನಿಂದ ಇಳಿದ ಒಬ್ಬ ಹುಡುಗ ಹೆಂಡತಿಯೊಡನೆ ಬಂದು ಕೀಲಿ ತೆಗೆದ.

"ಗಾಡಿ ಸ್ವಲ್ಪ ಸರಸ್ತೀ ಏನೋ ತಮ್ಮಾ? ಇಲ್ಲೆ ನಮ್ಮವ್ವ ಕುಂತಾಳ."

ಅವನು ಗಾಬರಿಯಿಂದ ಅತ್ತಿತ್ತ ನೋಡಿದ. "ಎಲ್ಲದಾರ್ರಿ ಅಜ್ಜಿ? ಗಾಡಿ ಬಡೀತೇನ್ರಿ?" ಎಂದು ಚಕ್ರದ ಬಳಿ ಬಗ್ಗಿದ. ನಾನು ಎರಡು ಮಾತಿನಲ್ಲಿ ತಿಳಿಸಿ ಹೇಳಿದೆ. ಅವನ ಹೆಂಡತಿ ತಟ್ಟನೆ ಎರಡು ಹೆಜ್ಜೆ ಹಿಂದೆ ಸರಿದಳು. "ಒಂದು ಬೋರ್ಡಾದ್ರೂ ಹಾಕಬಾರದೇನ್ರಿ ಯಾರರ? ನಮಗ ಹೆಂಗ ಗೊತ್ತಾಗ್ಬೇಕು?" ಎಂದ ಅವನು. ದನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. ಕಾರನ್ನು ಮೆಲ್ಲಗೆ, ಹಿಂದೆ ನೋಡಿ ನೋಡಿ ತೆಗೆದುಕೊಂಡು ಹೋದ.

ನೀಲವ್ವ ಗರಸಿನ ಮೇಲೆ ಕೂತಳು. ಕಲ್ಲು ಇರಲಿಲ್ಲ. ಅಂಗೈಯಿಂದ ನೆಲ ಒರೆಸಿ, ನೀರು ಹಾಕಿ, ವಿಭೂತಿ ಬಳಿಯತೊಡಗಿದಳು. ಹರಳುಗಳ ಸಂದಿಯಲ್ಲಿ ಅದು ಇಳಿದುಹೋಗುತ್ತಿತ್ತು, ಮತ್ತೆ ಬಳಿಯುತ್ತಿದ್ದಳು. ಅಷ್ಟರಲ್ಲಿ ಹಿಂದೆ ಹಾರ್ನ್ ಕೇಳಿತು. ಕೆಂಪು ಕಾರೊಂದು ಆ ತೆರವಿಗೆ ಮುಖ ತಿರುಗಿಸಿ ನಿಂತಿತ್ತು. ನಾನು ಎದ್ದು ಅದರ ಮುಂದೆ ಹೋಗಿ ನಿಂತೆ.

ಚಾಲಕ ಕಿಟಕಿ ಇಳಿಸಿ ತಲೆ ಹೊರಗೆ ಹಾಕಿದ. "ಬಾಜೂ ಸರೀರಿ ಅಕ್ಕಾರ. ಜಾಗಾ ಖಾಲಿ ಐತಲ್ರಿ?"

"ಖಾಲಿ ಇಲ್ರಿ" ಎಂದೆ.